ಟ್ರಾಂ ಇಲ್ಲದ ಟ್ರಾಂ ರೋಡ್

ಈ ಬಾರಿಯ ಸಂಪಾದಕೀಯವನ್ನು ಮೆಲ್ಬೋರ್ನಿನಲ್ಲಲ್ಲ, ಚಿಕ್ಕಮಗಳೂರಿನ ಅಣ್ಣನ ಮನೆಯ ಜಗುಲಿಯಲ್ಲಿ ಕುಳಿತು, ಕರೆಂಟು ಹೋಗುವ ಮೊದಲೇ ಮುಗಿಸಬೇಕೆಂಬ ಆತುರದಲ್ಲಿ ಬರೆಯುತ್ತಿದ್ದೇನೆ. ಪುಟ ಜೋಡಿಸುವವರಿಗೆ ಇಂದು ರಾತ್ರಿಯೇ ಗಡುವು. ನಿನ್ನೆ ನರಸಿಂಹರಾಜಪುರದ ಬಳಿಯ ಅಜ್ಜಿಯ ಊರಿಗೆ ಹೋಗಿದ್ದಾಗ, ಹಳೆಯ ಶಾಲೆಯ ಜಂತಿಗೆ ತೂಗುಹಾಕಿದ್ದ ಕಂಬಿಯ ತುಂಡನ್ನು ಮಗಳಿಗೆ ತೋರಿಸಿ, ಇದು ಹಿಂದೆ ಈ ಕಡೆ ಓಡುತ್ತಿದ್ದ ಟ್ರಾಂನ ಹಳಿಯಂತೆ ಎಂದೆ. ಅವಳು ಅದನ್ನು ಒಮ್ಮೆ ಮುಟ್ಟಿ ನೋಡಿ, "ಹಾಗಾದ್ರೆ ಆ ಟ್ರಾಂ ಎಲ್ಲಿಗೆ ಹೋಯ್ತಪ್ಪಾ? ನಮ್ಮ ಟ್ರಾಂ ರೋಡಿನ ಟ್ರಾಂ ಹೋಯ್ತಲ್ಲ, ಅಲ್ಲಿಗೇನಾ?" ಎಂದಳು.

ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಿದ್ದ ಎರಡಡಿ ಅಗಲದ ಆ ಹಳಿಯನ್ನು ನಾನು ಕಂಡವನಲ್ಲ. ಆದರೆ ಅದರ ದನಿಯನ್ನು ಕೇಳಿ ಬೆಳೆದೆ. ಶಾಲೆಯ ಜವಾನರು ದೊಡ್ಡದೊಂದು ಬೋಲ್ಟಿನಿಂದ ಕಂಬಿಯನ್ನು ಬಾರಿಸಿದರೆ ಅಡಿಕೆ ತೋಟದಾಚೆಗೂ ಕೇಳಿಸುತ್ತಿತ್ತು, ಆ ಎರಡನೆಯ ಗಂಟೆಗೆ ಸರಿಯಾಗಿ ಅಜ್ಜಿ ಅನ್ನದ ಎಸರಿಗೆ ಅಕ್ಕಿ ಹಾಕುತ್ತಿದ್ದರು. ಬಾರಿಸಿ ಬಾರಿಸಿ ಒಂದು ಕಡೆ ಮಾತ್ರ ಕಂಬಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಈಗ ಅದೂ ತುಕ್ಕು ಹಿಡಿದಿದೆ.

ಮಗಳು ಕೇಳಿದ ಇನ್ನೊಂದು ಟ್ರಾಂ, ಮೆಲ್ಬೋರ್ನಿನ ಹೊರವಲಯದಲ್ಲಿ ಬಾಕ್ಸ್ ಹಿಲ್ ರೈಲು ನಿಲ್ದಾಣದಿಂದ ಡಾಂಕಾಸ್ಟರ್‌ಗೆ ಓಡಿದ್ದು; ಅಲ್ಲಿನ ಟ್ರಾಂ ರೋಡ್ ಎಂಬ ರಸ್ತೆಗೆ ಆ ಹೆಸರು ಬಂದದ್ದು ಅದರಿಂದಲೇ. ಮೆಲ್ಬೋರ್ನಿನಲ್ಲಿ 1888ರಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ತೋರಿಸಿದ್ದ ಯಂತ್ರಗಳನ್ನೇ ಕೊಂಡು ತಂದು, 1889ರ ಅಕ್ಟೋಬರ್ 14ರಂದು ಆಸ್ಟ್ರೇಲಿಯದ ಮೊತ್ತಮೊದಲ ವಿದ್ಯುತ್ ಟ್ರಾಂ ಆಗಿ ಅದನ್ನು ಆರಂಭಿಸಿದರು. ನಗರದೊಳಗೆ ಆಗ ಓಡುತ್ತಿದ್ದದ್ದು ಕೇಬಲ್ ಎಳೆಯುವ ಟ್ರಾಂ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ತಲುಪಿದ್ದು 1902ರಲ್ಲಿ ಎಂಬುದನ್ನು ನೆನೆದರೆ, ಹಣ್ಣಿನ ತೋಟಗಳ ನಡುವೆ ಈ ಸಾಹಸ ಏಕೆಂದು ಅಚ್ಚರಿಯಾಗುತ್ತದೆ. ಕಾರಣ ಸರಳ: ಸೈಟು ಮಾರಬೇಕಿತ್ತು. ಸುಮಾರು ಮೂರೂವರೆ ಕಿಲೋಮೀಟರ್‌ನ ಈ ಮಾರ್ಗ ಜಮೀನಿನ ಭರಾಟೆಯ ದಿನಗಳಲ್ಲಿ ಹುಟ್ಟಿತು. ಭರಾಟೆ ಇಳಿದು, 1893ರಲ್ಲಿ ಬ್ಯಾಂಕುಗಳೂ ಬಾಗಿಲು ಹಾಕಿದ ಮೇಲೆ ಕುಂಟುತ್ತಾ ಸಾಗಿ 1896ರಲ್ಲಿ ನಿಂತುಹೋಯಿತು. ಊರು ಬೆಳೆಯುವ ಮೊದಲೇ ಟ್ರಾಂ ಬಂದಿತ್ತು, ಬೆಳೆದ ಮೇಲೆ ಯಾರೂ ಅದನ್ನು ಮರಳಿ ತರಲಿಲ್ಲ. ಚಿಕ್ಕಮಗಳೂರಿನ ಪಾಡು ಇದಕ್ಕೆ ತಿರುಗುಮುರುಗು: ಇಲ್ಲಿ ಊರು ಬೆಳೆದು ಎಷ್ಟೋ ಕಾಲದ ಮೇಲೆ, ನಾವೆಲ್ಲ ಕಡೂರಿನವರೆಗೆ ಬಸ್ಸಿನಲ್ಲಿ ಹೋಗಿ ರೈಲು ಹತ್ತಿ ಊರು ಬಿಟ್ಟಾದ ಮೇಲೆ, 2013ರಲ್ಲಿ ರೈಲು ಬಂತು.

ಇನ್ನು ಪ್ರಕಟಣೆಗಳು. ರಾಜ್ಯೋತ್ಸವದ ಊಟದ ಕೂಪನ್ನುಗಳನ್ನು ಮುಂಚಿತವಾಗಿ ಪಡೆಯಿರಿ. ಮಕ್ಕಳ ನಾಟಕದ ತಾಲೀಮು ಪ್ರತಿ ಭಾನುವಾರ ಸಂಜೆ ಇರುತ್ತದೆ. ಸದಸ್ಯತ್ವದ ಬಾಕಿಯನ್ನು ದಯವಿಟ್ಟು ಸಲ್ಲಿಸಿರಿ. ಕರಡು ತಿದ್ದಲು ಒಬ್ಬರಾದರೂ ಮುಂದೆ ಬಂದರೆ ಮುಂದಿನ ಸಂಚಿಕೆ ಹೊರಬರುತ್ತದೆ, ಇಲ್ಲವಾದರೆ ನನಗೆ ಒಬ್ಬನಿಗೇ ಇದು ಇನ್ನು ಸಾಗದು. ಸಭಾಂಗಣಕ್ಕೆ ಬರುವವರು 109ನೆಯ ಟ್ರಾಂನಲ್ಲಿ ಕೊನೆಯ ನಿಲ್ದಾಣ ಬಾಕ್ಸ್ ಹಿಲ್‌ನಲ್ಲಿ ಇಳಿಯಬಹುದು. ಡಾಂಕಾಸ್ಟರ್ ಕಡೆಯಿಂದ ಕಾರಿನಲ್ಲಿ ಬರುವವರು ಒಂದೆರಡು ಸೀಟು ಖಾಲಿಯಿದ್ದರೆ ಮೊದಲೇ ತಿಳಿಸಿ; ಅಲ್ಲಿನ ಹಿರಿಯರು ಕೆಲವರು ಬರಬೇಕೆಂದಿದ್ದಾರೆ, ಅವರಿಗೆ ಟ್ರಾಂ ಇಲ್ಲ.