20 ಸಾವಿರಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಪೇಪರಿನ ಹಾಳೆಗಳ ನಡುವೆ ಒಂದು ಕರಪತ್ರ ಇತ್ತು. ‘ಸಂಧಿವಾತಕ್ಕೆ ಸ್ಟೆಮ್ ಸೆಲ್. ಒಂದೇ ಇಂಜೆಕ್ಷನ್, ಸಂಜೆಗೆ ಮನೆಗೆ’ ಅಂತ. ಸ್ಟೇಷನ್ ಹತ್ತಿರದ ಲಾಡ್ಜ್‌ನಲ್ಲಿ ಶಿಬಿರವಂತೆ. ಮುಂಗಡ 20 ಸಾವಿರ.

ನಾನು ರೊಟ್ಟಿ ಬಡಿದು ಮಾರುವವಳು. ನನಗೂ ರುಮಟಾಯ್ಡ್ ಸಂಧಿವಾತ ಇದೆ. ಬೆಳಗ್ಗೆ ಬೆರಳು ಮಡಚಲು ಬರಲ್ಲ, ಎಸರಿನ ಬಿಸಿಗೆ ಸಡಿಲಾದ ಮೇಲೆಯೇ ಮೊದಲ ರೊಟ್ಟಿ. ಹಾಗಾಗಿ ಇಂಥ ಕರಪತ್ರ ನೋಡಿದರೆ ಆಸೆ ಹುಟ್ಟುವುದು ಸಹಜ. ಪಕ್ಕದ ಮನೆಯ ಅಕ್ಕ ಬಂಗಾರದ ಬಳೆ ಅಡವಿಡಲು ಹೊರಟಿದ್ದಾರೆ. ‘ಊದಿದ ಕೈಗೆ ಬಳೆ ಏರೋದೇ ಇಲ್ಲ, ಇಟ್ಕೊಂಡು ಏನ್ ಮಾಡ್ಲಿ?’ ಅಂತಾರೆ.

ನಮ್ಮ ಸೋಲಾಪುರದ ಡಾಕ್ಟರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: ಸ್ಟೆಮ್ ಸೆಲ್ (ಹೊಸ ರಕ್ತಕಣ ಹುಟ್ಟಿಸುವ ಮೂಲ ಕಣ) ಕಸಿ ಸುಳ್ಳೇನಲ್ಲ. ಯಾವ ಔಷಧಿಗೂ ಬಗ್ಗದ ರೋಗಿಗಳಿಗೆ 1990ರ ದಶಕದಲ್ಲಿ ಹೊರದೇಶಗಳಲ್ಲಿ ಮಾಡಿ ನೋಡಿದ್ದಾರೆ. ಮೊದಲು ರೋಗಿಯ ರಕ್ತದಿಂದಲೇ ಸ್ಟೆಮ್ ಸೆಲ್ ತೆಗೆದು ಕಾಪಿಡುತ್ತಾರೆ. ಆಮೇಲೆ ಕ್ಯಾನ್ಸರ್‌ಗೆ ಕೊಡುವಂಥ ಜೋರು ಕಿಮೋ. ಸ್ವಂತ ಕೀಲನ್ನೇ ತಿನ್ನುತ್ತಿರುವ ರೋಗನಿರೋಧಕ ಶಕ್ತಿ ಅದರಿಂದ ಹೆಚ್ಚುಕಡಿಮೆ ಅಳಿದುಹೋಗುತ್ತದೆ. ಆಗ ತೆಗೆದಿಟ್ಟ ಸೆಲ್‌ಗಳನ್ನು ವಾಪಸ್ ರಕ್ತಕ್ಕೆ ಬಿಡುತ್ತಾರೆ. ಹೊಸ ರಕ್ತಕಣ ಹುಟ್ಟುವ ತನಕ ಸಣ್ಣ ಸೋಂಕು ತಗುಲಿದರೂ ಜೀವಕ್ಕೇ ಅಪಾಯ. ಇಷ್ಟೆಲ್ಲ ಆದ ಮೇಲೂ ಬಹಳ ಜನರಿಗೆ ನೋವು ಮರಳಿ ಬಂತು, ಮಾತ್ರೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಕೀಲಿನ ಊತ ತಗ್ಗಿಸುವ ಎಟನರ್ಸೆಪ್ಟ್‌ನಂಥ ಇಂಜೆಕ್ಷನ್‌ಗಳು ಬಂದವು, ಕಸಿಯ ಮಾತು ಹಿಂದೆ ಬಿತ್ತು. ಇದನ್ನು ಲಾಡ್ಜ್‌ನಲ್ಲಿ ಸಂಜೆಯೊಳಗೆ ಮುಗಿಸುತ್ತಾರಂತೆ!

ನನ್ನ ಕೈ ಇವತ್ತು ಓಡುತ್ತಿರುವುದು ಮೆಥೊಟ್ರೆಕ್ಸೇಟ್ ಮಾತ್ರೆಯಿಂದ. ವಾರಕ್ಕೊಮ್ಮೆ ಮಾತ್ರ. (ದಿನಾ ನುಂಗಿದರೆ ಅದೇ ವಿಷ, ಗೊತ್ತಿಲ್ಲದವರು ದಯವಿಟ್ಟು ನೆನಪಿಡಿ.) ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಅಷ್ಟೇ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಯಂಥ ಕೆಲವು ಒಪ್ಪಿತ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದಮೇಲೆ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಮತ್ತೆ ಈ 20 ಸಾವಿರ ಯಾವ ಲೆಕ್ಕ? ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡಬಾರದ ರೋಗಗಳ ಪಟ್ಟಿ 1954ರ ಕಾಯ್ದೆಯಲ್ಲೇ ಇದೆ. ಸಂಧಿವಾತವೂ ಆ ಪಟ್ಟಿಯಲ್ಲಿದೆ.

ಜಿಲ್ಲಾ ಆರೋಗ್ಯಾಧಿಕಾರಿಗಳು ಶಿಬಿರದ ದಿನವೇ ಅಲ್ಲಿಗೆ ಹೋಗಿ ಪ್ರಯೋಗದ ನೋಂದಣಿ ಪತ್ರ ಕೇಳಲಿ. ನೀವೂ ಏಜೆಂಟರಿಗೆ ಒಂದು ಮಾತು ಹೇಳಿ, ಪೇಪರಿನಲ್ಲಿ ಇಂಥ ಕರಪತ್ರ ಸೇರಿಸುವುದು ಬೇಡ.

– ಓದುಗರೊಬ್ಬರು, ಶಹಾಬಜಾರ್, ಕಲಬುರಗಿ