ತಲೆಯಾಡಿಸುವ ಮಗು

ಚಿ. ವಿದ್ಯಾಳಿಗೆ, ಅತ್ತೆಯ ಆಶೀರ್ವಾದ.

ಉಳಿದ ಸುದ್ದಿಯನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯಾಗಿದೆ. ನಿನ್ನ ತರಗತಿಯ ಆ ಕಿವಿ ಮಂದ ಹುಡುಗಿಯ ಬಗ್ಗೆ ನೀನು ಬರೆದ ಕಾಗದದ ಕೊನೆಯ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಏನು ಕೇಳಿದರೂ ತಲೆಯಾಡಿಸುತ್ತಾಳೆ ಅತ್ತೆ, ಕೇಳಿಸಿತೋ ಇಲ್ಲವೋ ತಿಳಿಯುವುದೇ ಇಲ್ಲ."

ನೀನು ಹೆದರಿದ್ದು ಸರಿಯೇ. ಎಲ್ಲರೂ ತನ್ನತ್ತ ತಿರುಗಿ ನೋಡುವುದು ತಪ್ಪಲಿ ಅಂತ ಮಗು ಹೂಂಗುಟ್ಟುತ್ತದೆ. "ಅರ್ಥವಾಯ್ತಾ?" ಅಂದರೆ ಬೇರೆ ಉತ್ತರ ಬರುವುದಾದರೂ ಹೇಗೆ? "ಎಷ್ಟನೇ ಪುಟ ತೆಗೀಬೇಕು?" ಅಂತ ಕೇಳಿ ನೋಡು. ಅದಕ್ಕೆ ತಲೆಯಾಡಿಸಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ತುಟಿ ನೋಡಿ ತಿಳಿದುಕೊಳ್ಳುತ್ತಾಳೆ ಅಂತ ಬರೆದಿದ್ದೀಯ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ "ಬರೆ" ಅನ್ನು, ಆಮೇಲೆ "ಮರೆ" ಅನ್ನು. ತುಟಿಯ ಮೇಲೆ ಎರಡೂ ಒಂದೇ. ಆದ್ದರಿಂದ ಒಂಟಿ ಪದ ಹೇಳಬೇಡ, ವಾಕ್ಯವಾಗಿ ಹೇಳು. ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳದೆ ಮಾತು ಬದಲಿಸು. ಕೂಗಿದರೆ ಬಾಯಿಯ ಆಕಾರವೂ ಕೆಡುತ್ತದೆ, ಅವಳ ಕಿವಿ ಮಷೀನಿನಲ್ಲಿ ಸದ್ದೂ ಒಡೆಯುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿನ್ನ ಮುಖ ಅವಳಿಗೆ ಬರೀ ಕಪ್ಪು.

ಮೊದಲ ಬೆಂಚಿನಲ್ಲಿ ಕೂರಿಸಿದರೆ ಮುಗಿಯಿತು ಅಂತ ನಾನೂ ಬಹುಕಾಲ ನಂಬಿದ್ದೆ, ಈಗ ನೆನೆದರೆ ನಾಚಿಕೆ. ಕಿವಿ ಮಷೀನಿಗೆ ಒಂದೆರಡು ಮೀಟರ್‌ ಒಳಗಿನ ಮಾತೇ ಚೆನ್ನಾಗಿ ಸಿಗುವುದು. ದೂರ ಹೋದಷ್ಟೂ ನಿನ್ನ ದನಿ ಇಳಿಯುತ್ತದೆ, ಬೆಂಚು ಎಳೆಯುವ ಸದ್ದು, ಫ್ಯಾನಿನ ಸದ್ದು ಹಾಗೇ ಉಳಿಯುತ್ತವೆ. ಬೆಂಚು, ಕುರ್ಚಿಯ ಕಾಲಿಗೆ ರಬ್ಬರ್ ಬುಶ್ ಹಾಕಿಸು, ಅದರಿಂದ ಆಗುವ ಉಪಕಾರ ಸಣ್ಣದೇನಲ್ಲ.

ಮತ್ತೆ ಆ ತಲೆಯಾಟಕ್ಕೇ ಬರುತ್ತೇನೆ, ಬೇಸರಪಡಬೇಡ. ನಿಜಕ್ಕೂ ಕೇಳಿಸುತ್ತಿದೆಯಾ ಅಂತ ತಿಳಿಯಲು, ಬೆಳಿಗ್ಗೆ ಎರಡು ನಿಮಿಷ ಸಿಕ್ಕರೆ ಬಾಯಿಗೆ ಕಾಗದ ಅಡ್ಡ ಹಿಡಿದು ಆರು ಸದ್ದು ಮಾಡು: ಆ, ಈ, ಊ, ಮ್, ಶ್, ಸ್. ದಿನಾ ಅಷ್ಟೇ ದೂರದಿಂದ, ಆದರೆ ಕ್ರಮ ಬದಲಿಸಿ. ಕೇಳಿದ್ದನ್ನು ಅವಳು ತಿರುಗಿ ಹೇಳಬೇಕು. ನಡುವೆ ಒಮ್ಮೆ ಏನೂ ಅನ್ನದೆ ಸುಮ್ಮನಿರು. ಆಗಲೂ ಏನಾದರೂ ಹೇಳಿದರೆ ಅಂದಾಜಿನ ಮೇಲೆ ನಡೆಯುತ್ತಿದ್ದಾಳೆ ಅಂತ. ನಿನ್ನೆ ಸಿಕ್ಕಿದ "ಸ್" ಇವತ್ತು ಸಿಗದಿದ್ದರೆ ಮೊದಲು ಸೆಲ್ ನೋಡು, ಆಮೇಲೆ ಮೋಲ್ಡಿನ, ಅಂದರೆ ಕಿವಿಯೊಳಗೆ ಕೂರುವ ಅಚ್ಚಿನ, ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ ಅಂತ. ಸ್ಟಿಕ್ಕರ್ ಕಿತ್ತು ಹಾಕುವ ಸೆಲ್ ಆದರೆ ಕಿತ್ತಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಡಬೇಕು. ಮಷೀನು ಕುಯ್ಯೋ ಅಂದರೆ ಸಾಮಾನ್ಯವಾಗಿ ಮೋಲ್ಡ್ ಸಡಿಲ. ಮಕ್ಕಳ ಕಿವಿ ಬೆಳೆಯುತ್ತಲೇ ಇರುತ್ತದಲ್ಲ.

ಆ ಕಣ್ಣು ಮಂದ ಹುಡುಗನ ಬಗ್ಗೆ ಎರಡೇ ಸಾಲು ಬರೆದಿದ್ದೀಯ. ಪಕ್ಕದವನ ನೋಟ್ಸ್ ನೋಡಿ ಬರೆಯುತ್ತಾನಾ ಅಂತ ಗಮನಿಸು, ಅವನ ತಲೆಯಾಟ ಅದೇ. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಓದು. "ಇದನ್ನು ಅದರಿಂದ ಕಳೆ" ಅನ್ನಬೇಡ, "24ರಿಂದ 9 ಕಳೆ" ಅನ್ನು. ಆದರೆ ಅವಳಿಗೋಸ್ಕರ ಬರೆದು ಮುಗಿಸಿ, ತಿರುಗಿ ನಿಂತ ಮೇಲೆ ಓದು. ಅವನ ಹಾಳೆಗೆ 18 ಪಾಯಿಂಟಿನ ದಪ್ಪ ಗಾತ್ರದ ಅಕ್ಷರದಿಂದ ಶುರುಮಾಡು, ಹೊಳೆಯುವ ಕಾಗದ ಬೇಡ. ಎಲ್ಲಿ ಕೂತರೆ ಕಾಣುತ್ತದೆ ಅಂತ ಅವನನ್ನೇ ಕೇಳು. ಅಂಚಿನದು ಕಾಣದೆ ನಡುವಿನದಷ್ಟೇ ಕಾಣುವುದಾದರೆ ಸ್ವಲ್ಪ ಹಿಂದಿನ ಬೆಂಚೇ ವಾಸಿ.

ಹೇಳಿದ್ದು ಹೆಚ್ಚಾಯಿತೇನೋ. ಅವಳಿಗೆ ಯಾವ ದಿನ ಯಾವ ಸದ್ದು ತಪ್ಪಿತು ಅಂತ ತಾರೀಖು ಹಾಕಿ ಬರೆದಿಡು. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್‌ಗೆ ಅದು ಬೇಕಾಗುತ್ತದೆ. ನನಗೂ ಒಂದು ಪ್ರತಿ ಕಳಿಸು.

ನಿನ್ನ ಅತ್ತೆ