ನೀನು ಅಲ್ಲಿರಲೇ ಇಲ್ಲ

ಪ್ರಿಯ ಗೆಳೆಯ,

ಮೊನ್ನೆ ಅಟ್ಟದ ಮೇಲಿನ ಡಬ್ಬ ಇಳಿಸಿದಾಗ ಒಂದು ಟರ್ಮಿನೇಟರ್ ಸಿಕ್ಕಿತು. ಹಳೆಯ ನೆಟ್‌ವರ್ಕ್ ಕೇಬಲ್ಲಿನ ತುದಿಗೆ ತಿರುಗಿಸಿ ಕೂರಿಸುತ್ತಿದ್ದೆವಲ್ಲ, ಅದೇ ಬೆರಳ ತುದಿಯಷ್ಟು ಲೋಹದ ಟೋಪಿ. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಆಟವಾಡುತ್ತಾ ನಾನು ನಿನ್ನ ವಿಮಾನದ ಬೆನ್ನು ಹತ್ತಿ ಇನ್ನೇನು ಗುಂಡು ಹಾರಿಸಬೇಕು ಎನ್ನುವಷ್ಟರಲ್ಲಿ ನೀನು ಮೇಜಿನ ಕೆಳಗೆ ಕೈಹಾಕಿ ಇದನ್ನು ಕಿತ್ತಿದ್ದೆ. ಸಾಲಿನಲ್ಲಿದ್ದ ಅಷ್ಟೂ ಯಂತ್ರಗಳ ಸಂಪರ್ಕ ಒಟ್ಟಿಗೇ ಹೋಯಿತು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಅದೇ ನೆಪದಲ್ಲಿ ಈ ಆಟಗಳ ಪೂರ್ವಜರನ್ನು ಹುಡುಕುತ್ತಾ ಕುಳಿತೆ. 1970ರ ದಶಕದಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ ‘ಏರ್‌ಫೈಟ್’ ಎಂಬ ವಿಮಾನ ಕಾಳಗದ ಆಟ ಆಡುತ್ತಿದ್ದರು. ಪಾಠ ಹೇಳಲು ಕಟ್ಟಿದ ವ್ಯವಸ್ಥೆ ಅದು! ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪರದೆ, ಸೆಕೆಂಡಿಗೆ 1200 ಬಿಟ್ ಒಯ್ಯುವ ತಂತಿ. ವಿದ್ಯಾರ್ಥಿಗಳು ಎಲ್ಲಿಯೂ ವಿದ್ಯಾರ್ಥಿಗಳೇ.

1980ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಯಂತ್ರಗಳ ಮೇಲೆ ‘ಡಾಗ್‌ಫೈಟ್’ ಆಟ ಬಂತು. ಅದರಲ್ಲಿ ಪರದೆಯ ಚಿತ್ರ ಬದಲಾದಾಗಲೆಲ್ಲ ಪ್ರತಿ ವಿಮಾನವೂ ‘ನಾನಿಲ್ಲಿದ್ದೇನೆ’ ಎಂದು ಜಾಲಕ್ಕೆಲ್ಲ ಸಾರುತ್ತಿತ್ತು. ಹತ್ತು ಜನ ಸೇರಿದರೆ ಸಂತೆಯ ಗದ್ದಲ, ಜಾಲಕ್ಕೆ ಉಸಿರುಕಟ್ಟುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು ಅಮೆರಿಕದ ಸೇನೆಯ ತರಬೇತಿಗೆಂದು ಅಲ್ಲಿನ ರಕ್ಷಣಾ ಸಂಶೋಧನೆಯ ಡಾರ್ಪಾ ಸಂಸ್ಥೆ ಕಟ್ಟಿಸಿದ ಸಿಮ್‌ನೆಟ್ ಎಂಬ ಅಣಕು ಯುದ್ಧದ ಜಾಲದಲ್ಲಿ. ನನಗೆ ಬಹಳ ಹಿಡಿಸಿದ್ದು ಇದೇ. ಒಮ್ಮೆ ಜಾಗ, ದಿಕ್ಕು, ವೇಗ ಹೇಳಿ ಸುಮ್ಮನಾಗುವುದು. ಆಮೇಲೆ ನೀನು ಎಲ್ಲಿರಬಹುದೆಂದು ಉಳಿದ ಯಂತ್ರಗಳೇ ಲೆಕ್ಕ ಹಾಕಿ ಚಿತ್ರ ಬಿಡಿಸಿಕೊಳ್ಳುತ್ತವೆ. ನಿನ್ನ ಯಂತ್ರವೂ ಅದೇ ಲೆಕ್ಕವನ್ನು ಒಳಗೊಳಗೇ ಮಾಡುತ್ತಿರುತ್ತದೆ. ನಿಜಕ್ಕೂ ಲೆಕ್ಕಕ್ಕೂ ಅಂತರ ಹೆಚ್ಚಾದರೆ ಮಾತ್ರ ಹೊಸ ಸುದ್ದಿ ಕಳುಹಿಸುತ್ತದೆ. ಮನೆಗೆ ಬರುವ ನೆಂಟರು ‘ಬಸ್ ಹತ್ತಿದೆವು’ ಎಂದು ಒಂದೇ ಮಾತು ತಿಳಿಸಿದರೆ ಅಮ್ಮ ಗಡಿಯಾರ ನೋಡಿಕೊಂಡೇ ಅಕ್ಕಿ ಇಡುತ್ತಿರಲಿಲ್ಲವೇ, ಹಾಗೆ.

1980ರ ದಶಕದ ಕೊನೆಗೆ ಕೆಸ್ಮಾಯ್ ಕಂಪನಿಯ ‘ಏರ್ ವಾರಿಯರ್’ ಮನೆಮನೆಯ ಫೋನ್ ತಂತಿಗೇ ಬಂತು. ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು ಆಡಬೇಕಿತ್ತು. ನಮ್ಮ ಹಾಸ್ಟೆಲಿನ ಜೇಬಿಗೆ ಅದು ಎಟುಕದ್ದೇ ಪುಣ್ಯ.

ಇಷ್ಟೆಲ್ಲ ಓದಿದ ಮೇಲೆ ಒಂದು ತಪ್ಪೊಪ್ಪಿಗೆ. ನೀನು ಗಕ್ಕನೆ ತಿರುಗಿದಾಗ ನನ್ನ ಪರದೆಯಲ್ಲಿ ನಿನ್ನ ವಿಮಾನ ಎಷ್ಟೋ ಸಲ ನೇರವಾಗಿಯೇ ಹೋಗಿ, ಆಮೇಲೆ ಪಕ್ಕಕ್ಕೆ ನೆಗೆಯುತ್ತಿತ್ತು. ನಾನು ಮೋಸ ಎನ್ನುತ್ತಿದ್ದೆ. ನೀನು ‘ನಾನು ಅಲ್ಲಿರಲೇ ಇಲ್ಲ ಮಾರಾಯ’ ಎಂದು ಆಣೆ ಇಡುತ್ತಿದ್ದೆ. ನೀನು ಹೇಳಿದ್ದೇ ನಿಜವಿರಬೇಕು.

ಟರ್ಮಿನೇಟರಿನ ವಿಷಯ ಮಾತ್ರ ಬೇರೆ. ಊರಿಗೆ ಬಂದಾಗ ಅದನ್ನು ನಿನ್ನ ತಟ್ಟೆಯ ಪಕ್ಕದಲ್ಲೇ ಇಡುತ್ತೇನೆ.

ನಿನ್ನ,
ಪಕ್ಕದ ಕಂಪ್ಯೂಟರಿನವನು